ಗುಡ್ಡ ಏರುವವರಿಗೆ ನಡುವಿನ ಅಂಗಿ

ಮಕ್ಕಳೇ, ನಾಗಾವಿಯ ಗುಡ್ಡವನ್ನೋ ಕಪ್ಪತಗುಡ್ಡವನ್ನೋ ಏರಿದ್ದೀರಾ? ಏರುವಾಗ ಮೈ ಬೆವರುತ್ತದೆ. ತುದಿಯಲ್ಲಿ ಗಾಳಿ ಬೀಸಿದೊಡನೆ ನಡುಕ ಬರುತ್ತದೆ. ಏಕೆ? ಬೆವರು ಆವಿಯಾಗುವಾಗ ಮೈಯ ಶಾಖವನ್ನು ಹೀರಿಕೊಳ್ಳುತ್ತದೆ. ತೊಯ್ದ ಹತ್ತಿ ಅಂಗಿ ಬೇಗ ಒಣಗದು, ಚಳಿಯೂ ಬಿಡದು.

ಅದಕ್ಕೇ ಪರ್ವತಾರೋಹಿಗಳು ಮೂರು ಪದರಗಳಲ್ಲಿ ಉಡುಪು ತೊಡುತ್ತಾರೆ. ಒಳಪದರ ಬೆವರನ್ನು ಹೊರಸಾಗಿಸುತ್ತದೆ. ಹೊರಪದರ ಗಾಳಿ, ಮಳೆಯನ್ನು ತಡೆಯುತ್ತದೆ. ಬೆಚ್ಚಗಿಡುವುದು ನಡುವಿನ ಉಣ್ಣೆ ಅಥವಾ ಫ್ಲೀಸ್ ಬಟ್ಟೆ. ಅದರ ಗುಂಗುರು ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ನಿಶ್ಚಲ ಗಾಳಿ ಶಾಖದ ಮಂದವಾಹಕ. ಮಳೆಯಲ್ಲಿ ಕುರಿ ಕಾಯುವವರ ಕಂಬಳಿಯ ಗುಟ್ಟೂ ಇದೇ! ಉಣ್ಣೆ ತುಸು ತೊಯ್ದರೂ ಎಳೆಗಳು ಹತ್ತಿಯಷ್ಟು ಅಂಟಿಕೊಳ್ಳುವುದಿಲ್ಲ. ಗಾಳಿಗೆ ಜಾಗ ಉಳಿಯುತ್ತದೆ.

ಮುಂದಿನ ಚಾರಣಕ್ಕೆ ಉಣ್ಣೆಯ ಸ್ವೆಟರ್ ಒಯ್ಯಿರಿ. ಏರುವಾಗ ಚೀಲದಲ್ಲಿಡಿ, ಬೆವರಿಗೆ ತೊಯ್ಯದಿರಲಿ. ನಿಂತೊಡನೆ, ಚಳಿ ಹತ್ತುವ ಮುನ್ನವೇ ತೊಡಿ.