ಡಬ್ಬಿ ಬದಲಾಯಿತು, ಔಷಧ ಬದಲಾಗಲಿಲ್ಲ

ಮಿರಗದ ಮಳೆ ಹದವಾಗಿ ಬಿದ್ದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರಿ ಹೊಲಗಳಲ್ಲಿ ತೊಗರಿಗಿಂತ ಮೊದಲು ಮೇಲೇಳುವುದು ಕಸ. ತೊಗರಿ ಮೊದಲ ಎರಡು ತಿಂಗಳು ಬಹಳ ನಿಧಾನವಾಗಿ ಬೆಳೆಯುತ್ತದೆ. ಸಾಲುಗಳ ನಡುವೆ ಜಾಗ ಹೆಚ್ಚು, ನೆರಳು ಕಡಿಮೆ. ಆ ಎರಡು ತಿಂಗಳು ಕಸದ ಕೈ ಮೇಲಾದರೆ ಮುಂದೆ ಏನು ಮಾಡಿದರೂ ಇಳುವರಿ ತುಂಬಿ ಬರುವುದಿಲ್ಲ. ಮೊದಲೆಲ್ಲ ಎಡೆಕುಂಟೆ ಹೊಡೆದು, ಸಾಲಿನಲ್ಲಿ ಉಳಿದದ್ದನ್ನು ಹೆಣ್ಣಾಳುಗಳು ಕುರ್ಪಿಯಿಂದ ತೆಗೆಯುತ್ತಿದ್ದರು. ಈಗ ಎತ್ತುಗಳು ಕಡಿಮೆಯಾಗಿವೆ, ದುಡಿಯುವ ಕೈಗಳು ಗೋವಾ, ಮಹಾರಾಷ್ಟ್ರಕ್ಕೆ ಗುಳೆ ಹೋಗಿವೆ. ಹೀಗಾಗಿ ಕಸಕ್ಕೂ ಎಣ್ಣಿ ಹೊಡೆಯುವ ರೂಢಿ ಬಂತು. ಇದಕ್ಕಾಗಿ ರೈತನನ್ನು ದೂರುವುದು ಅನ್ಯಾಯ.

ಆದರೆ ಆ ಎಣ್ಣಿಯ ಬಗ್ಗೆ ಅವನಿಗೆ ಯಾರೂ ಸರಿಯಾಗಿ ಹೇಳದ ಸಂಗತಿಯೊಂದಿದೆ. ಕಳೆನಾಶಕಗಳಿಗೆ ಗುಂಪುಗಳಿವೆ. ಗಿಡದ ಒಳಗಿನ ಯಾವ ಕೆಲಸವನ್ನು ಕೆಡಿಸುತ್ತದೆ ಎನ್ನುವುದರ ಮೇಲೆ ಈ ಗುಂಪು ನಿರ್ಧಾರವಾಗುತ್ತದೆ. ಕ್ವಿಜಾಲೋಫಾಪ್, ಪ್ರೊಪಾಕ್ವಿಜಾಫಾಪ್, ಫೆನಾಕ್ಸಾಪ್ರಾಪ್ ಎಂಬ ಮೂರು ಹೆಸರಿನ ಔಷಧಗಳು ಹುಲ್ಲಿನ ಜಾತಿಯ ಕಳೆಯನ್ನು ಕೊಲ್ಲುವುದು ಒಂದೇ ದಾರಿಯಲ್ಲಿ. ಹೋದ ವರ್ಷ ಒಂದು, ಈ ವರ್ಷ ಇನ್ನೊಂದು ಹೊಡೆದವನು ಔಷಧ ಬದಲಿಸಿದೆನೆಂದು ನಂಬಿರುತ್ತಾನೆ. ಕಳೆಯ ಲೆಕ್ಕದಲ್ಲಿ ಅವನು ಬದಲಿಸಿದ್ದು ಡಬ್ಬಿಯನ್ನಷ್ಟೇ. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಮನುಷ್ಯನಿಗೆ ವಿಷ ಎಷ್ಟು ತೀವ್ರ ಎಂಬುದನ್ನು ಹೇಳುತ್ತದೆ, ಗುಂಪನ್ನಲ್ಲ. ಆಸ್ಟ್ರೇಲಿಯಾದಲ್ಲಿ ಗುಂಪಿನ ಗುರುತನ್ನು ಡಬ್ಬಿಯ ಮೇಲೆ ಕಡ್ಡಾಯವಾಗಿ ಮುದ್ರಿಸುತ್ತಾರೆ. ಕನ್ನಡದಲ್ಲಿ, ಓದಲು ಬರುವಷ್ಟು ದೊಡ್ಡ ಅಂಕಿಯಲ್ಲಿ ನಮ್ಮಲ್ಲೂ ಅದು ಬರಲೇಬೇಕು.

ಒಂದೇ ಗುಂಪನ್ನು ಮತ್ತೆ ಮತ್ತೆ ಹೊಡೆದರೆ ಏನಾಗುತ್ತದೆ? ಔಷಧ ಕಳೆಯ ಗುಣವನ್ನು ಬದಲಿಸುವುದಿಲ್ಲ. ಲಕ್ಷಾಂತರ ಗಿಡಗಳಲ್ಲಿ ಹುಟ್ಟಿನಿಂದಲೇ ಅದನ್ನು ತಾಳಿಕೊಳ್ಳುವ ಒಂದೆರಡು ಇರುತ್ತವೆ. ಉಳಿದವು ಸತ್ತಾಗ ನೀರು, ಬಿಸಿಲು, ಗೊಬ್ಬರವೆಲ್ಲ ಅವುಗಳ ಪಾಲಾಗುತ್ತದೆ. ಅವು ಬೀಜ ಉದುರಿಸುತ್ತವೆ, ಮುಂದಿನ ವರ್ಷ ಅದೇ ಔಷಧ ಬಿದ್ದಾಗ ಅವುಗಳ ಸಂತಾನ ಬದುಕುತ್ತದೆ.

ಇದು ನಮ್ಮ ದೇಶದಲ್ಲೇ ನಡೆದಿದೆ. ಹರಿಯಾಣ, ಪಂಜಾಬಿನ ಗೋಧಿ ಹೊಲಗಳಲ್ಲಿ ‘ಗುಲ್ಲಿ ದಂಡಾ’ ಎಂಬ ಹುಲ್ಲಿಗೆ ವರ್ಷಗಟ್ಟಲೆ ಐಸೋಪ್ರೊಟ್ಯೂರಾನ್ ಒಂದನ್ನೇ ಹೊಡೆದರು. ಅದು ಇನ್ನು ನಾಟುತ್ತಿಲ್ಲ ಎಂದು 1990ರ ದಶಕದ ಮೊದಲ ವರ್ಷಗಳಲ್ಲಿ ಹಿಸಾರ್ ಕೃಷಿ ವಿಶ್ವವಿದ್ಯಾಲಯದ ಆರ್.ಕೆ. ಮಲಿಕ್ ಮತ್ತು ಸಮುಂದರ್ ಸಿಂಗ್ ತೋರಿಸಿಕೊಟ್ಟರು. ಅಷ್ಟರಲ್ಲಿ ಕೆಲವು ರೈತರು ಗೋಧಿಯನ್ನು ಹಸಿಯಾಗಿಯೇ ಕೊಯ್ದು ದನಕ್ಕೆ ಹಾಕುವ ಸ್ಥಿತಿಗೆ ಬಂದಿದ್ದರು. ಆಮೇಲೆ ಬಂದ ಹೊಸ ಔಷಧಗಳನ್ನೂ ಆ ಹುಲ್ಲು ಕ್ರಮೇಣ ಜೀರ್ಣಿಸಿಕೊಂಡಿತು.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಇದಕ್ಕಿಂತ ಹತ್ತಿರದ ಎಚ್ಚರಿಕೆಯಿದೆ. ಬಿತ್ತಿದ ಮೂರು ನಾಲ್ಕು ವಾರಕ್ಕೆ ತೊಗರಿಗೆ ಹೊಡೆಯುವ ಇಮಾಝೆಥಪೈರ್ ಸೇರಿದ ಗುಂಪಿಗೇ ಜಗತ್ತಿನಲ್ಲಿ ಅತಿ ಹೆಚ್ಚು ಜಾತಿಯ ಕಳೆಗಳು ಜಗ್ಗದಂತಾಗಿವೆ. ನಮ್ಮ ಬದು, ಹಾದಿ, ಹೊಲದಲ್ಲೆಲ್ಲ ಹಬ್ಬಿರುವ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ, ಬ್ರೆಜಿಲ್‌ನಲ್ಲಿ ಇದೇ ಗುಂಪನ್ನೂ ಕೊಲಂಬಿಯಾದಲ್ಲಿ ಗ್ಲೈಫೋಸೇಟ್ ಎಂಬ ಕಳೆನಾಶಕವನ್ನೂ ಮೀರಿ ಬೆಳೆದಿದೆ. ಒಂದು ಗಿಡ ಸಾವಿರಾರು ಬೀಜ ಕೊಡುವ ಕಳೆ ಅದು.

ಹಾಗೆಂದು ಸಾಯದ ಕಸವೆಲ್ಲ ಜಗ್ಗದ ಕಸವಲ್ಲ. ಈ ಭಾಗದ ಎಷ್ಟೋ ಕೊಳವೆಬಾವಿಗಳ ನೀರು ಗಡುಸು, ಕಾಲುವೆಯ ನೀರು ರಾಡಿ. ಗಡುಸು ನೀರಿನ ಸುಣ್ಣದಂಶವೂ ಜೇಡಿಯ ಕಣವೂ ಗ್ಲೈಫೋಸೇಟನ್ನು ಹಿಡಿದಿಟ್ಟುಕೊಂಡು ಪಂಪಿನಲ್ಲೇ ಅದರ ಬಲ ಕುಂದಿಸುತ್ತವೆ. ಕರಿಕೆ, ಜೇಕು ಮೇಲೆ ಒಣಗಿದರೂ ನೆಲದೊಳಗಿನ ಬೇರು, ಗಡ್ಡೆಯಿಂದ ಮತ್ತೆ ಚಿಗುರುತ್ತವೆ. ಹೀಗೆ ಉಳಿದದ್ದನ್ನು ಕಂಡು ಪ್ರಮಾಣ ಏರಿಸುವವರಿದ್ದಾರೆ. ಅದರಿಂದ ಹಣ ಹೋಗುತ್ತದೆ, ಮಣ್ಣು ಕೆಡುತ್ತದೆ. ಹೊಡೆದ ಔಷಧ 2,4-ಡಿ ಆಗಿದ್ದರೆ ಪಕ್ಕದ ಹತ್ತಿ, ದ್ರಾಕ್ಷಿಯ ಎಲೆಗಳೂ ಮುದುಡುತ್ತವೆ. ಗ್ಲೈಫೋಸೇಟ್ ಬಳಕೆಗೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ನಿರ್ಬಂಧದ ಅಧಿಸೂಚನೆ ಹೊರಡಿಸಿದ್ದನ್ನೂ ಇಲ್ಲಿ ನೆನೆಯಬೇಕು.

ನಿಜವಾದ ಗುರುತು ಬೇರೆಯೇ ಇದೆ. ಒಂದೇ ಜಾತಿಯ, ಒಂದೇ ಎತ್ತರದ ಗಿಡಗಳಿಗೆ ಒಂದೇ ಹೊತ್ತಿಗೆ ಎಣ್ಣಿ ಬಿದ್ದಿದೆ. ಸುತ್ತಲಿನವು ಸತ್ತಿವೆ, ನಡುವೆ ಒಂದಷ್ಟು ಹಸಿರಾಗಿ ನಿಂತಿವೆ. ಮರುವರ್ಷ ಆ ಜಾಗ ಇನ್ನಷ್ಟು ಹಿಗ್ಗಿದೆ. ಆಗ ಸಂಶಯಪಡಬೇಕು. ಅವು ಹೂ ಬಿಡುವ ಮೊದಲೇ ಬೇರುಸಹಿತ ಕಿತ್ತು, ಪರೀಕ್ಷೆಗೆಂದು ಒಂದೆರಡನ್ನು ಉಳಿಸಿಕೊಂಡು ಇಂಡಿ ಅಥವಾ ವಿಜಯಪುರದ ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಬಹುದು.

ಈ ನೆಲದ ಹಳೆಯ ಬೇಸಾಯದಲ್ಲಿ ಇದಕ್ಕೆ ಗಟ್ಟಿ ಉತ್ತರವಿತ್ತು. ಹಿಂಗಾರಿ ಬಿಳಿಜೋಳದ ಹೊಲವನ್ನು ಮುಂಗಾರಿಯಲ್ಲಿ ಖಾಲಿ ಬಿಟ್ಟು, ಮಳೆ ಬಿದ್ದು ಕಸ ಹುಟ್ಟಿದಾಗಲೆಲ್ಲ ಹರಗುತ್ತಿದ್ದರು. ಮಾಲ್ದಂಡಿ ಜೋಳ ಬಿತ್ತುವ ಹೊತ್ತಿಗೆ ಮೇಲ್ಮಣ್ಣಿನ ಕಳೆಬೀಜದ ದೊಡ್ಡ ಪಾಲು ಮೊಳೆತು ಸತ್ತಿರುತ್ತಿತ್ತು. ಕುಂಟೆಯ ಕುಡದ ಎದುರು ಯಾವ ಕಳೆಯ ತಾಳಿಕೆಯೂ ನಡೆಯದು. ಈಗ ತೊಗರಿ ಹಬ್ಬಿ, ಆಲಮಟ್ಟಿ, ನಾರಾಯಣಪುರದ ನೀರು ಬಂದು ವರ್ಷವೆಲ್ಲ ಬೆಳೆಯಿರುವ ಹೊಲದಲ್ಲಿ ಹರಗಲು ಬಿಡುವೇ ಇಲ್ಲ.

ಹೊಲವನ್ನು ಮತ್ತೆ ಖಾಲಿ ಬಿಡಿ ಎಂದು ಯಾರಿಗೂ ಹೇಳಲಾಗದು. ಆದರೆ ತೊಗರಿ ಸಾಲಿನ ನಡುವೆ ಸಜ್ಜೆಯನ್ನೋ ಶೇಂಗಾವನ್ನೋ ಹಾಕಿ ನೆಲ ಮುಚ್ಚಬಹುದು. ಬಿತ್ತಿದ ಕೂಡಲೇ ಪೆಂಡಿಮೆಥಾಲಿನ್ ಹೊಡೆದವರು ಮುಂದಿನ ಸರದಿಯನ್ನು ಎಡೆಕುಂಟೆಗೆ ಬಿಡಬಹುದು. ಎತ್ತಿಲ್ಲದವರಿಗೆ ಸಣ್ಣ ಯಂತ್ರಗಳಿವೆ, ಬಾಡಿಗೆ ಕೇಂದ್ರಗಳು ಅವನ್ನು ಹಂಗಾಮಿಗೆ ಸರಿಯಾಗಿ ಒದಗಿಸಬೇಕು. ತೊಗರಿ ಕೊಯ್ಯಲು ಬರುವ ಯಂತ್ರ ಹಿಂದಿನ ಹೊಲದ ಕಳೆಬೀಜವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬರುತ್ತದೆ. ಹೊಲಕ್ಕೆ ಇಳಿಸುವ ಮೊದಲು ಅದನ್ನು ಬದುವಿನಾಚೆ ನಿಲ್ಲಿಸಿ, ಊದಿಸಿ ಸ್ವಚ್ಛ ಮಾಡಿಸಿ ಎಂದು ಕೇಳುವ ಹಕ್ಕು ಬಾಡಿಗೆ ಕೊಡುವ ರೈತನಿಗಿದೆ.