ಮಿದುಳಿನ ನ್ಯೂರೋಗ್ಲೋಬಿನ್

ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ 2ರಷ್ಟೇ. ಆದರೆ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 20ರಷ್ಟನ್ನು ಅದೊಂದೇ ವ್ಯಯಮಾಡುವುದು. ಕೆಲವು ನಿಮಿಷ ಅದು ದೊರೆಯದಿದ್ದರೆ ನರಕೋಶಗಳು ಸಾಯತೊಡಗುವುವು. ರಕ್ತದಲ್ಲಿ ಹೀಮೋಗ್ಲೋಬಿನ್ ಇರುವಂತೆ ಮಿದುಳಿನಲ್ಲಿಯೂ ಆಮ್ಲಜನಕವನ್ನು ಹಿಡಿಯುವ ಪ್ರೋಟೀನೊಂದು ಉಂಟೆಂದು ಜರ್ಮನಿಯ ಬುರ್ಮೆಸ್ಟರ್, ಹಾಂಕೆಲ್ನ್ ಮೊದಲಾದವರು 2000ನೆಯ ಇಸವಿಯಲ್ಲಿ ಪ್ರಕಟಿಸಿದರು. ಇದು 151 ಅಮೈನೋ ಆಮ್ಲಗಳ ಸರಪಣಿ. ಅದರ ಮಡಿಕೆಯೊಳಗೆ ಕಬ್ಬಿಣದ ಪರಮಾಣುವೊಂದು ಹುದುಗಿರುವುದು. ಹೀಮೋಗ್ಲೋಬಿನ್ನಿನಲ್ಲಿ ಆ ಕಬ್ಬಿಣದ ಒಂದು ಪಕ್ಕವು ಆಮ್ಲಜನಕಕ್ಕಾಗಿ ತೆರವಾಗಿರುವುದು. ಇಲ್ಲಿಯಾದರೋ ಆ ಪೀಠದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವು ಮೊದಲೇ ಕುಳಿತಿರುವುದು. ಅದು ಸರಿದರಲ್ಲದೆ ಅತಿಥಿಗೆ ಸ್ಥಳವಿಲ್ಲ!

ಇದನ್ನು ಆಮ್ಲಜನಕದ ಕಣಜವೆನ್ನೋಣವೆಂದರೆ ಮಿದುಳಿನಲ್ಲಿ ಇದರ ಪ್ರಮಾಣ ತೀರ ಸ್ವಲ್ಪ. ಕಣ್ಣಿನ ಅಕ್ಷಿಪಟಲದಲ್ಲಿ ಸುಮಾರು 100 ಮಡಿ ಹೆಚ್ಚಾಗಿರುವುದರಿಂದ ಅಲ್ಲಿ ಆ ಮಾತು ಒಪ್ಪಬಹುದು. ಇದನ್ನು ಹೆಚ್ಚಾಗಿ ಪಡೆದ ಇಲಿಗಳಲ್ಲಿ, ರಕ್ತಸಂಚಾರ ತಡೆದಾಗ ಮಿದುಳಿನ ಹಾನಿ ಕಡಿಮೆಯಾದುದು ಕಂಡುಬಂದಿದೆ. ಆದರೂ ಇದಿಲ್ಲದೆ ಹುಟ್ಟಿಸಿದ ಇಲಿಗಳೂ ಬದುಕಿರುವುದರಿಂದ ವಿದ್ವಾಂಸರ ವಾದ ಮುಗಿದಿಲ್ಲ.