ಮಾತಿನ ಹಕ್ಕು, ಮಾನದ ಹಕ್ಕು

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ಮುಂಜಾನೆಯ ಬಸ್ಸುಗಳಲ್ಲಿ ವಿದ್ಯಾರ್ಥಿಗಳ ಚರ್ಚೆಗೆ ಎಂದೂ ಬರವಿಲ್ಲ. 1951ರ ಕಾಗೋಡು ಸತ್ಯಾಗ್ರಹವನ್ನು ಕಂಡ ಜಿಲ್ಲೆಗೆ ಎದುರುಮಾತು ಹೊಸತೂ ಅಲ್ಲ. ಆದರೆ ಆ ಗುಂಪಿನಲ್ಲಿ, ದಾಖಲೆಯಲ್ಲಿ ಹುಡುಗನಾಗಿದ್ದು ಅಂತರಂಗದಲ್ಲಿ ತನ್ನನ್ನು ಹುಡುಗಿಯೆಂದೇ ಅರಿತ ಸಹಪಾಠಿಯೊಬ್ಬರಿದ್ದರೆ? ಅವರ ನಡೆನುಡಿಗಳನ್ನು ಅಣಕಿಸುವುದೂ ವಾಕ್‌ಸ್ವಾತಂತ್ರ್ಯವೆನಿಸೀತೆ?

ಸಂವಿಧಾನದ 19ನೆಯ ವಿಧಿ ಶಾಲೆಯ ಬಾಗಿಲಲ್ಲಿ ನಿಂತುಬಿಡುವುದಿಲ್ಲ. 1985ರಲ್ಲಿ ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಂತರೂ, ತಮ್ಮ ಧರ್ಮಶ್ರದ್ಧೆಯ ಕಾರಣ ಹಾಡಲಿಲ್ಲ. ಶಾಲೆ ಅವರನ್ನು ಹೊರಹಾಕಿತು. ಅದು ವಾಕ್‌ಸ್ವಾತಂತ್ರ್ಯಕ್ಕೂ ಧರ್ಮಸ್ವಾತಂತ್ರ್ಯಕ್ಕೂ ವಿರುದ್ಧವೆಂದು 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು.

ಕುತೂಹಲದ ಸಂಗತಿಯೆಂದರೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಆಸರೆಯಾದುದೂ ಅದೇ 19ನೆಯ ವಿಧಿ. ತಾನು ಅರಿತ ಲಿಂಗತ್ವವನ್ನು ಉಡುಪು, ಮಾತು, ವರ್ತನೆಗಳ ಮೂಲಕ ಪ್ರಕಟಿಸುವುದೂ ಅಭಿವ್ಯಕ್ತಿಯೇ ಎಂದು 2014ರ ಏಪ್ರಿಲ್ 15ರಂದು ಅದೇ ನ್ಯಾಯಾಲಯವು ಸಾರಿತು. ಎಂದಮೇಲೆ ಇದು ಮಾತಿಗೂ ಮಾನಕ್ಕೂ ನಡುವಣ ಜಗಳವಲ್ಲ. ಒಬ್ಬರ ಮಾತಿನಿಂದ ಇನ್ನೊಬ್ಬರ ಬಾಯಿ ಕಟ್ಟದಂತೆ ನೋಡಿಕೊಳ್ಳುವ ಪ್ರಶ್ನೆ.

ಗೆರೆ ಎಲ್ಲಿ? ಕರ್ನಾಟಕವು 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಇವರಿಗೆ ಶೇಕಡಾ 1ರಷ್ಟು ಮೀಸಲಾತಿ ಕಲ್ಪಿಸಿತು. ಚರ್ಚಾಸ್ಪರ್ಧೆಯಲ್ಲಿ ವಿದ್ಯಾರ್ಥಿಯೊಬ್ಬನು ಅದನ್ನು ವಿರೋಧಿಸಿದರೆ ಅದು ಅಭಿಪ್ರಾಯ. ಉಪಾಧ್ಯಾಯರು ಅವನನ್ನು ಗದರಿಸಿ ಕೂರಿಸಬಾರದು. ಅಡಗಿಸಿದ ಸಂದೇಹ ಆಟದ ಬಯಲಿನಲ್ಲಿ ಗೇಲಿಯಾಗಿ ಹೊರಬೀಳುತ್ತದೆ. ಆದರೆ ವೇದಿಕೆಯಿಂದಿಳಿದು ಅದೇ ತರಗತಿಯ ಸಹಪಾಠಿಯತ್ತ ಬೆರಳು ಮಾಡಿ ಹೀಯಾಳಿಸಿದರೆ ಅದು ಅಭಿಪ್ರಾಯವಲ್ಲ, ಪೀಡನೆ. 2016ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಇಂತಹ ಪೀಡನೆಯನ್ನು ರ‍್ಯಾಗಿಂಗ್ ಎಂದೇ ಪರಿಗಣಿಸಿತು. ಭದ್ರಾವತಿ ತಾಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾನಿಲಯವೂ ಶಿವಮೊಗ್ಗದ ಕಾಲೇಜುಗಳೂ ಆ ನಿಯಮದ ವ್ಯಾಪ್ತಿಗೆ ಸೇರಿದವು. ವಿದ್ಯಾಸಂಸ್ಥೆಗಳಲ್ಲಿ ತಾರತಮ್ಯ ಕೂಡದೆಂದು 2019ರ ಕೇಂದ್ರ ಕಾಯಿದೆಯು ವಿಧಿಸಿತು.

ಕಾಯಿದೆಗಿಂತ ಮೊದಲೇ ಕನ್ನಡ ನುಡಿಯು ಒಂದು ದಾರಿ ತೋರಿದೆ. ಎದುರಿಗಿರುವವರನ್ನು ಮಾತನಾಡಿಸುವ ‘ನೀನು’, ‘ನೀವು’ಗಳಲ್ಲಿ ಗಂಡುಹೆಣ್ಣೆಂಬ ಭೇದವಿಲ್ಲ. ‘ಅವನು’, ‘ಅವಳು’ ಎಂಬಲ್ಲಿ ತೊಡಕು ಬಂದರೆ ‘ಅವರು’ ಇದೆ. ಮನಸ್ಸಿನಲ್ಲಿ ಭಿನ್ನಾಭಿಪ್ರಾಯವಿದ್ದವನೂ ಆ ಗೌರವದ ನುಡಿಯನ್ನಾಡಿದರೆ ಅವನು ಕಳೆದುಕೊಳ್ಳುವುದೇನು?

ಕಳೆದುಕೊಳ್ಳುವವರು ಮತ್ತೊಬ್ಬರು. ಗೇಲಿಯನ್ನು ತಾಳಲಾರದ ವಿದ್ಯಾರ್ಥಿ ದೂರು ಹೇಳುವುದಕ್ಕಿಂತ ಶಾಲೆಯನ್ನೇ ಬಿಡುವುದುಂಟು. ಹಾಜರಿ ಪುಸ್ತಕದಿಂದ ಹೆಸರೊಂದು ಸದ್ದಿಲ್ಲದೆ ಅಳಿಯುತ್ತದೆ. ಅದರೊಡನೆ ಒಂದು ಧ್ವನಿಯೂ ಅಡಗುತ್ತದೆ. ವಾಕ್‌ಸ್ವಾತಂತ್ರ್ಯದ ಅಭಿಮಾನಿಗಳು ಮೊದಲು ಮರುಗಬೇಕಾದುದು ಈ ನಷ್ಟಕ್ಕೆ. ಮಕ್ಕಳಿಗೆ ಧೈರ್ಯವಾಗಿ ಮಾತನಾಡಲು ಕಲಿಸುವ ಮನೆಯವರು, ಯಾರನ್ನು ಕುರಿತು ಮಾತನಾಡುತ್ತಿರುವರೋ ಅವರ ಮಾತನ್ನೂ ಕೇಳಿಸಿಕೊಳ್ಳುವ ತಾಳ್ಮೆಯನ್ನು ಕಲಿಸಿದರೆ, ತರಗತಿಯಲ್ಲಿ ಇಬ್ಬರಿಗೂ ಎಡೆಯಿರುತ್ತದೆ.